ಹಿಂದಕ್ಕೆ ಬರುವ ದಾರಿ ಗೊತ್ತಿಲ್ಲದೆ ಡಿಪ್ಲಾಯ್ ಮಾಡಬೇಡಿ

ದೊಡ್ಡ ಟೆಕ್ ಕಂಪನಿಗೆ ಹೊಸದಾಗಿ ಸೇರಿದ ಎಂಜಿನಿಯರ್‌ಗಳು ಮೊದಮೊದಲು ಕೇಳುವ ಪ್ರಶ್ನೆ ಒಂದೇ: ಹತ್ತು ಸಾಲಿನ ಕೋಡ್ ಡಿಪ್ಲಾಯ್ ಆಗಿ ಪ್ರೊಡಕ್ಷನ್‌ಗೆ, ಅಂದರೆ ಬಳಕೆದಾರರು ನಿಜಕ್ಕೂ ಬಳಸುವ ವ್ಯವಸ್ಥೆಗೆ ಹೋಗಲು ಹತ್ತು ದಿನ ಯಾಕೆ ಬೇಕು? ಸ್ಟಾರ್ಟಪ್‌ನಿಂದ ಬಂದವರಿಗಂತೂ ಇದು ಶುದ್ಧ ಸೋಮಾರಿತನದಂತೆ ಕಾಣುತ್ತದೆ. ಸ್ವಲ್ಪ ಸೋಮಾರಿತನ ಇರುವುದೂ ನಿಜ. ಆದರೆ ಬಹುಪಾಲು ಸಮಯ ಹೋಗುವುದು ಬೇರೆ ಕಡೆಗೆ. ಈ ಹತ್ತು ಸಾಲು ಕೈಕೊಟ್ಟರೆ ಎಷ್ಟು ಬೇಗ ವಾಪಸ್ ತೆಗೆಯಬಹುದು, ಅಷ್ಟರೊಳಗೆ ಎಷ್ಟು ಜನರಿಗೆ ತೊಂದರೆ ಆಗಿರುತ್ತದೆ ಎಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳುವುದಕ್ಕೆ. ಗೂಗಲ್‌ನ ಎಸ್‌ಆರ್‌ಇ (ಸೇವೆಗಳು ಬೀಳದಂತೆ ನೋಡಿಕೊಳ್ಳುವ ಎಂಜಿನಿಯರ್‌ಗಳ) ತಂಡದವರು ತಮ್ಮ ಅನುಭವದಿಂದ ಹೇಳಿರುವ ಪ್ರಕಾರ, ಸೇವೆ ಕೆಟ್ಟ ಪ್ರಸಂಗಗಳಲ್ಲಿ ಸುಮಾರು ಶೇ 70ಕ್ಕೆ ಕಾರಣ ಓಡುತ್ತಿರುವ ವ್ಯವಸ್ಥೆಯಲ್ಲಿ ಯಾರೋ ಮಾಡಿದ ಬದಲಾವಣೆ. ಡಿಸ್ಕ್ ಸಾಯುವುದು, ಕೇಬಲ್ ತುಂಡಾಗುವುದು ಇವೆಲ್ಲ ಉಳಿದ ಪಾಲಿನಲ್ಲಿ ಬರುತ್ತವೆ.

ಸೇವೆ ಶೇ 99.9ರಷ್ಟು ಹೊತ್ತು ಸರಿಯಾಗಿ ನಡೆಯಬೇಕು ಎಂದು ತಂಡ ಒಪ್ಪಿಕೊಂಡಿದ್ದರೆ, 30 ದಿನಗಳಲ್ಲಿ ಕೆಟ್ಟು ನಿಲ್ಲಲು ಸಿಗುವ ಸಮಯ 43 ನಿಮಿಷ 12 ಸೆಕೆಂಡ್. ಗುರಿ ಶೇ 99.99 ಆಗಿದ್ದರೆ 4 ನಿಮಿಷ 19 ಸೆಕೆಂಡ್. ರಾತ್ರಿ ಪೇಜ್ (ಸೇವೆ ಕೆಟ್ಟಿದೆ ಎಂದು ಫೋನಿಗೆ ಬರುವ ತುರ್ತು ಕರೆ) ಬಂದು, ಕಣ್ಣುಜ್ಜಿಕೊಂಡು ಲ್ಯಾಪ್‌ಟಾಪ್ ತೆಗೆದು, ವಿಪಿಎನ್‌ಗೆ ಲಾಗಿನ್ ಆಗುವಷ್ಟರಲ್ಲಿ ಆ ನಾಲ್ಕು ನಿಮಿಷ ಮುಗಿದಿರುತ್ತದೆ. ಅಂದರೆ ನಾಲ್ಕು ಒಂಬತ್ತುಗಳ ಸೇವೆಯಲ್ಲಿ ರೋಲ್‌ಬ್ಯಾಕ್ (ಹಳೆಯ ಕೋಡಿಗೆ ಮರಳುವುದು) ಮನುಷ್ಯರ ಕೈಯಲ್ಲಿದ್ದರೆ ಆ ಗುರಿ ಬರೀ ಕಾಗದದ ಮೇಲಿನದು. ಇದೇ ಲೆಕ್ಕವನ್ನು ಇನ್ನೊಂದು ಬದಿಯಿಂದ ನೋಡಿ: ಕೆಟ್ಟ ಕೋಡ್ ಶೇ 1ರಷ್ಟು ಬಳಕೆದಾರರಿಗೆ ಮಾತ್ರ ಹೋಗಿ ಒಂದು ಗಂಟೆ ಹಾಗೇ ಇದ್ದರೂ, ಕೆಟ್ಟು ನಿಲ್ಲಲು ಸಿಕ್ಕ ಆ ಸಮಯದ ಬಜೆಟ್‌ನಿಂದ ಹೋಗುವುದು 0.6 ನಿಮಿಷ. ಎಲ್ಲರಿಗೂ ಒಟ್ಟಿಗೆ ಹೋಗಿದ್ದರೆ ಪೂರ್ತಿ 60 ನಿಮಿಷ. ಮುಂದೆ ಹೇಳುವುದೆಲ್ಲ ಈ ವ್ಯತ್ಯಾಸಕ್ಕಾಗಿಯೇ.

ರಿವ್ಯೂ: ಚಿಕ್ಕದು ಕಳಿಸಿ, ಹೊತ್ತು ನೋಡಿ ಕಳಿಸಿ

ಗೂಗಲ್ ಸಾರ್ವಜನಿಕವಾಗಿ ಇಟ್ಟಿರುವ ಕೋಡ್ ರಿವ್ಯೂ (ಕೋಡ್ ಸೇರುವ ಮುಂಚೆ ಸಹೋದ್ಯೋಗಿ ಓದಿ ಒಪ್ಪುವುದು) ಮಾರ್ಗಸೂಚಿಯಲ್ಲಿ ಸುಮಾರು 100 ಸಾಲಿನ ಬದಲಾವಣೆ ಸರಿಯಾದ ಗಾತ್ರ, 1000 ಸಾಲು ಸಾಮಾನ್ಯವಾಗಿ ಅತಿಯಾಯಿತು ಎಂದಿದೆ. ಓದುವವರಿಗೆ ಸುಲಭ ಎಂಬುದು ಅರ್ಧ ಕಾರಣ ಮಾತ್ರ. ಚಿಕ್ಕ ಬದಲಾವಣೆಯನ್ನು ಒಂದೇ ಏಟಿಗೆ ಹಿಂದಕ್ಕೆ ತೆಗೆಯಬಹುದು. 1200 ಸಾಲಿನದು ಮರ್ಜ್ ಆಗಿ (ಎಲ್ಲರ ಕೋಡಿನೊಳಗೆ ಸೇರಿ), ಅದರ ಮೇಲೆ ಇನ್ನೂ ನಾಲ್ಕು ಜನ ಕೋಡ್ ಬರೆದ ಮೇಲೆ ರಿವರ್ಟ್ ಒತ್ತಿ ನೋಡಿ. ಕಾನ್‌ಫ್ಲಿಕ್ಟ್ (ಒಂದೇ ಜಾಗಕ್ಕೆ ಬಂದ ಬೇರೆಬೇರೆ ಬದಲಾವಣೆಗಳ ಜಗಳ) ಬಿಡಿಸುತ್ತ ಕೂರಬೇಕಾಗುತ್ತದೆ, ಅದೂ ಸೇವೆ ಬಿದ್ದಿರುವಾಗ. ಹೆಸರು ಬದಲಿಸುವುದು, ಫೈಲ್ ಸರಿಸುವುದು, ಫಾರ್ಮ್ಯಾಟಿಂಗ್ ಇವನ್ನು ವರ್ತನೆ ಬದಲಿಸುವ ಕೋಡ್ ಜತೆ ಬೆರೆಸಬೇಡಿ. ಮೊದಲು ಸರಿಸುವ ಪಿಆರ್ (ರಿವ್ಯೂಗೆ ಕಳಿಸುವ ಬದಲಾವಣೆ), ಅದರ ಮೇಲೆ ನಿಜವಾದ ಬದಲಾವಣೆಯ ಪಿಆರ್.

ವಿವರಣೆಯಲ್ಲಿ ಏನು ಬದಲಾಯಿತು ಎನ್ನುವುದನ್ನು ಎಲ್ಲರೂ ಬರೆಯುತ್ತಾರೆ, ಯಾಕೆ ಎನ್ನುವುದನ್ನು ಅರ್ಧ ಜನ ಬರೆಯುತ್ತಾರೆ. ಹೇಗೆ ಪರೀಕ್ಷಿಸಿದಿರಿ, ಹೇಗೆ ವಾಪಸ್ ತೆಗೆಯಬೇಕು ಎಂಬ ಎರಡನ್ನೂ ಸೇರಿಸಿ. ಕೊನೆಯದಕ್ಕೆ ಒಂದು ಸಾಲು ಸಾಕು (ಫ್ಲ್ಯಾಗ್ ಎಂದರೆ ಕೋಡಿನ ಒಂದು ಭಾಗವನ್ನು ಆನ್-ಆಫ್ ಮಾಡುವ ಸ್ವಿಚ್, ಬೈನರಿ ಎಂದರೆ ಸರ್ವರ್‌ನಲ್ಲಿ ಓಡುವ ಸಿದ್ಧ ಪ್ರೋಗ್ರಾಂ): "ಈ ಫ್ಲ್ಯಾಗ್ ಆಫ್ ಮಾಡಿದರೆ ಹಳೆಯ ವರ್ತನೆ, ಡೇಟಾ ರೂಪ ಬದಲಾಗಿಲ್ಲ, ಬೈನರಿ ರೋಲ್‌ಬ್ಯಾಕ್ ಕೂಡ ಸುರಕ್ಷಿತ." ಈ ಸಾಲು ಬರೆಯಲು ಹೊರಟಾಗ ಪೆನ್ನು ನಿಂತರೆ, ವಿನ್ಯಾಸದಲ್ಲೇ ಏನೋ ಸರಿಯಿಲ್ಲ ಎಂದು ತಿಳಿಯಿರಿ.

ಬೆಂಗಳೂರಿನಲ್ಲಿ ಕೂತು ಕ್ಯಾಲಿಫೋರ್ನಿಯಾದ ರಿವ್ಯೂವರ್ ಜತೆ ಕೆಲಸ ಮಾಡುವವರಿಗೆ ಗಡಿಯಾರದ ಕಾಟ ಬೇರೆ. ಅವರ ಬೇಸಿಗೆ ಸಮಯದಲ್ಲಿ ನಾವು ಹನ್ನೆರಡೂವರೆ ಗಂಟೆ ಮುಂದೆ, ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಹದಿಮೂರೂವರೆ. ಅವರು ಬೆಳಗ್ಗೆ 9ಕ್ಕೆ ಕೂತಾಗ ನಮಗೆ ರಾತ್ರಿ 9.30 ಅಥವಾ 10.30. ಒಂದು ಸುತ್ತಿನ ಕಾಮೆಂಟಿಗೆ ಒಂದು ದಿನ ಹೋಗುತ್ತದೆ; "ಈ ವೇರಿಯಬಲ್ ಹೆಸರು ಯಾಕೆ?" ಎಂಬ ಪ್ರಶ್ನೆಗೂ ಒಂದು ದಿನ. ಹಾಗಾಗಿ ಅವರು ಕೇಳಬಹುದಾದ ಪ್ರಶ್ನೆಗಳಿಗೆ ನೀವೇ ಮುಂಚಿತವಾಗಿ ಸಾಲಿನ ಪಕ್ಕ ಕಾಮೆಂಟ್ ಹಾಕಿ ಕಳಿಸುವುದು ಲಾಭ. ಐದು ಜನರನ್ನು ರಿವ್ಯೂವರ್ ಆಗಿ ಸೇರಿಸಿದರೆ ಯಾರೂ ನೋಡುವುದಿಲ್ಲ, ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಯಾರು ಎಂದುಕೊಳ್ಳುತ್ತಾರೆ. ಒಬ್ಬರನ್ನು ಹಾಕಿ, ಸಾಧ್ಯವಾದರೆ ನಿಮ್ಮದೇ ಟೈಮ್‌ಝೋನಿನವರನ್ನು. ಆ ಕಡೆಯ ಕೋಡ್ ಓನರ್ ಒಪ್ಪಿಗೆ ಬೇಕೇಬೇಕಿದ್ದರೆ, ಅದನ್ನು ಕೊನೆಯ ಸುತ್ತಿಗೆ ಇಟ್ಟುಕೊಳ್ಳಿ.

ಟೆಸ್ಟ್ ಬಗ್ಗೆ ಸ್ವಲ್ಪ

ತನ್ನ ಟೆಸ್ಟ್‌ಗಳಲ್ಲಿ ಸುಮಾರು ಶೇ 16ರಲ್ಲಿ ಒಂದಲ್ಲ ಒಂದು ಮಟ್ಟದ ಅಸ್ಥಿರತೆ ಇದೆ ಎಂದು ಗೂಗಲ್ 2016ರಲ್ಲಿ ಬರೆದಿತ್ತು. ಅದೇ ಕೋಡ್, ಅದೇ ಟೆಸ್ಟ್, ಒಮ್ಮೆ ಪಾಸ್, ಒಮ್ಮೆ ಫೇಲ್. ಹೊಸಬರು ಮಾಡುವ ಮೊದಲ ಕೆಲಸ ರೀಟ್ರೈ ಒತ್ತುವುದು. ಎರಡು ಸಲ ರೀಟ್ರೈ ಮಾಡಿ ಹಸಿರಾದ ಟೆಸ್ಟಿನ ಮೇಲೆ ನಂಬಿಕೆಯಿಟ್ಟು ಡಿಪ್ಲಾಯ್ ಮಾಡುವುದಕ್ಕಿಂತ ಆ ಟೆಸ್ಟ್ ಇಲ್ಲದಿರುವುದೇ ಮೇಲು. ಕನಿಷ್ಠ ಸುಳ್ಳು ಧೈರ್ಯ ಇರುವುದಿಲ್ಲ.

ಅಸ್ಥಿರತೆಗೆ ಕಾರಣಗಳು ಹೆಚ್ಚೇನಿಲ್ಲ: ಸ್ಲೀಪ್ ಹಾಕಿ ಕಾಯುವುದು, ಹ್ಯಾಷ್‌ಮ್ಯಾಪ್‌ನ (ಕ್ರಮದ ಖಾತರಿಯಿಲ್ಲದ ಡೇಟಾ ರಚನೆಯ) ಕ್ರಮವನ್ನು ನೆಚ್ಚುವುದು, ಎರಡು ಟೆಸ್ಟ್‌ಗಳು ಒಂದೇ ಪೋರ್ಟಿಗೆ ಕಿತ್ತಾಡುವುದು, ಯಂತ್ರದ ಗಡಿಯಾರವನ್ನು ನೇರವಾಗಿ ಓದುವುದು. ಕೊನೆಯದು ನಮ್ಮಲ್ಲಿ ಹೆಚ್ಚು. ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿ ಇರುತ್ತದೆ, ಟೆಸ್ಟ್ ಓಡಿಸುವ ಸರ್ವರ್ ಯುಟಿಸಿಯಲ್ಲಿ (ಜಾಗತಿಕ ಮಾನಕ ಸಮಯದಲ್ಲಿ). ಬೆಳಗ್ಗೆ 5.30ರೊಳಗೆ ಆ ಎರಡರ ತಾರೀಕೇ ಬೇರೆ. ಜತೆಗೆ ನಮ್ಮದು ಐದೂವರೆ ಗಂಟೆಯ ವ್ಯತ್ಯಾಸ. ವ್ಯತ್ಯಾಸವೆಂದರೆ ಪೂರ್ಣ ಗಂಟೆಗಳೇ ಎಂದು ನಂಬಿ ಬರೆದ ಕೋಡ್ ಇಲ್ಲಿ ಮುಗ್ಗರಿಸುತ್ತದೆ. ಗಡಿಯಾರವನ್ನು ಹೊರಗಿನಿಂದ ಕೊಡುವಂತೆ ಕೋಡ್ ಬರೆಯಿರಿ, ಟೆಸ್ಟಿನಲ್ಲಿ ಸಮಯವನ್ನು ನೀವೇ ನಿಲ್ಲಿಸಿ. ಅನುಮಾನ ಬಂದ ಟೆಸ್ಟನ್ನು ಸಾವಿರ ಸಲ ಓಡಿಸಿ. ಬೇಜೆಲ್‌ನಂಥ ಬಿಲ್ಡ್ ಟೂಲ್‌ಗಳಲ್ಲಿ ಅದಕ್ಕೆ ಆಯ್ಕೆಯೇ ಇದೆ.

ಟೆಸ್ಟ್ ಡೇಟಾದಲ್ಲಿ ಕನ್ನಡ ಹಾಕಿ. ಇದು ಭಾಷಾಭಿಮಾನದ ಮಾತಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟಿಗೆ (ವ್ಯಂಜನ, ಸ್ವರಚಿಹ್ನೆ ಇಂಥ ಪ್ರತಿ ಬಿಡಿ ಗುರುತಿಗೆ) 3 ಬೈಟ್ ಬೇಕು. "ಕರ್ನಾಟಕ" ಕಣ್ಣಿಗೆ ನಾಲ್ಕು ಅಕ್ಷರ, ಆದರೆ ಒಳಗೆ 7 ಕೋಡ್ ಪಾಯಿಂಟ್, 21 ಬೈಟ್. 20 ಬೈಟಿಗೆ ಕತ್ತರಿಸುವ ಫೀಲ್ಡ್‌ಗೆ ಈ ಒಂದು ಪದ ಕೊಟ್ಟರೆ ಕೊನೆಯ "ಕ" ಒಡೆದು, ಮುಂದಿನ ಸೇವೆ ಇದು ಸರಿಯಾದ ಪಠ್ಯವೇ ಅಲ್ಲ ಎಂದು ವಾಪಸ್ ಎಸೆಯುತ್ತದೆ. ಇಂಗ್ಲಿಷ್ ಹೆಸರುಗಳನ್ನಷ್ಟೇ ಹಾಕಿದ ಟೆಸ್ಟ್ ಇದನ್ನು ಎಂದೂ ಹಿಡಿಯುವುದಿಲ್ಲ.

ಫ್ಲ್ಯಾಗ್: ಕೋಡ್ ಹೋಗುವುದು ಬೇರೆ, ಚಾಲೂ ಆಗುವುದು ಬೇರೆ

ಹೊಸ ವರ್ತನೆಯನ್ನು ಫ್ಲ್ಯಾಗ್ ಹಿಂದೆ ಇಟ್ಟು, ಆಫ್ ಸ್ಥಿತಿಯಲ್ಲೇ ಎಲ್ಲ ಸರ್ವರ್‌ಗಳಿಗೂ ಕಳಿಸಿ, ಆಮೇಲೆ ಶೇ 1, 5, 25, 50, 100 ಎಂದು ಏರಿಸುವುದು ವಾಡಿಕೆ. ಬೈನರಿ ರೋಲ್‌ಬ್ಯಾಕ್‌ಗೆ ಹತ್ತಿಪ್ಪತ್ತು ನಿಮಿಷ ಹಿಡಿಯುವಲ್ಲಿ ಫ್ಲ್ಯಾಗ್ ಆಫ್ ಮಾಡಲು ಸೆಕೆಂಡುಗಳು ಸಾಕು. ಯಾರು ಆ ಶೇ 1ರಲ್ಲಿ ಬರುತ್ತಾರೆ ಎನ್ನುವುದನ್ನು ಬಳಕೆದಾರರ ಐಡಿ ಮತ್ತು ಫ್ಲ್ಯಾಗ್ ಹೆಸರು ಎರಡನ್ನೂ ಸೇರಿಸಿ ಹ್ಯಾಷ್ ಮಾಡಿ (ಯಾವಾಗಲೂ ಅದೇ ಉತ್ತರ ಕೊಡುವ ಸೂತ್ರದಿಂದ ಸಂಖ್ಯೆಯಾಗಿಸಿ) ನಿರ್ಧರಿಸಬೇಕು. ಐಡಿಯನ್ನಷ್ಟೇ ಹ್ಯಾಷ್ ಮಾಡಿದರೆ ಪ್ರತಿ ಪ್ರಯೋಗವೂ ಅದೇ ನತದೃಷ್ಟರ ತಲೆಯ ಮೇಲೆ ಬೀಳುತ್ತದೆ. ಪ್ರತಿ ರಿಕ್ವೆಸ್ಟಿಗೂ ರ‍್ಯಾಂಡಮ್ ಆಗಿ ಆರಿಸಿದರೆ ಇನ್ನೂ ಕೆಟ್ಟದ್ದು, ಒಬ್ಬರಿಗೇ ಒಂದು ಕ್ಲಿಕ್ಕಿಗೆ ಹೊಸ ಪುಟ, ಮರುಕ್ಲಿಕ್ಕಿಗೆ ಹಳೆಯ ಪುಟ.

ಹಳೆಯ ಫ್ಲ್ಯಾಗ್ ಹೆಸರನ್ನು ಹೊಸ ಕೆಲಸಕ್ಕೆ ಬಳಸಬೇಡಿ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆ ಸುಮಾರು 45 ನಿಮಿಷಗಳಲ್ಲಿ 46 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಗಿತ್ತು, ಎಂಟನೆಯದಕ್ಕೆ ಹೋಗಿರಲಿಲ್ಲ. ಹೊಸ ಕೋಡ್ ಬಳಸಿದ್ದು 2003ರಲ್ಲೇ ಬಳಕೆ ನಿಂತಿದ್ದ ಒಂದು ಹಳೆಯ ಕೆಲಸದ ಫ್ಲ್ಯಾಗನ್ನು. ಫ್ಲ್ಯಾಗ್ ಆನ್ ಆದಾಗ ಎಂಟನೇ ಸರ್ವರ್‌ನಲ್ಲಿ ಆ ಹಳೆಯ ಕೋಡ್ ಎದ್ದು ಕೂತು ಆರ್ಡರ್ ಮೇಲೆ ಆರ್ಡರ್ ಕಳಿಸತೊಡಗಿತು. ಈ ಕಥೆಯನ್ನು ಹೇಳುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಮುಖ್ಯವಾದದ್ದು ಆಮೇಲಿನದು: ಗಾಬರಿಯಲ್ಲಿ ಅವರು ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡ್ ತೆಗೆದುಹಾಕಿದರು. ಫ್ಲ್ಯಾಗ್ ಇನ್ನೂ ಆನ್ ಇತ್ತು. ಈಗ ಆ ಏಳರಲ್ಲೂ ಹಳೆಯ ಕೋಡ್ ಎದ್ದಿತು. ಅಂದರೆ ಹಿಂದಕ್ಕೆ ಬರುವುದಕ್ಕೂ ಒಂದು ಕ್ರಮ ಇದೆ: ಮೊದಲು ಫ್ಲ್ಯಾಗ್, ಆಮೇಲೆ ಬೈನರಿ. ಆ ಕ್ರಮವನ್ನು ಡಿಪ್ಲಾಯ್‌ಗೆ ಮುಂಚೆಯೇ ಬರೆದಿಡಬೇಕು.

ಕಾನ್ಫಿಗ್ (ಸೆಟ್ಟಿಂಗ್‌ಗಳು), ಪಾಲಿಸಿ, ನಿಯಮಗಳ ಫೈಲ್ ಇವನ್ನು "ಕೋಡ್ ಅಲ್ಲವಲ್ಲ" ಎಂದು ಒಂದೇ ಸಲ ಜಗತ್ತಿಗೆಲ್ಲ ತಳ್ಳುವ ಚಾಳಿ ದೊಡ್ಡ ಕಂಪನಿಗಳನ್ನೂ ಬಿಟ್ಟಿಲ್ಲ. 2025ರ ಜೂನ್ 12ರಂದು ಗೂಗಲ್ ಕ್ಲೌಡ್ ಬಿದ್ದದ್ದು ಹೀಗೆಯೇ. ಮೇ 29ರಂದು ಸೇರಿಸಿದ ಕೋಡ್ ರೀಜನ್ ರೀಜನ್ ಆಗಿ (ಒಂದೊಂದು ಪ್ರದೇಶದ ಡೇಟಾ ಸೆಂಟರ್‌ಗಳಿಗೆ ಸರದಿಯಂತೆ), ಕ್ರಮಬದ್ಧವಾಗಿಯೇ ಹೋಗಿತ್ತು. ಆದರೆ ಆ ಹೊಸ ಕೋಡ್ ಓಡಬೇಕಿದ್ದರೆ ಒಂದು ಬಗೆಯ ಪಾಲಿಸಿ ಬರಬೇಕಿತ್ತು, ಅದು ರೋಲ್‌ಔಟ್ ಸಮಯದಲ್ಲಿ ಬರಲೇ ಇಲ್ಲ. ಜೂನ್ 12ರಂದು ಖಾಲಿ ಫೀಲ್ಡ್‌ಗಳಿದ್ದ ಪಾಲಿಸಿಯೊಂದು ಸೆಕೆಂಡುಗಳಲ್ಲಿ ಎಲ್ಲ ರೀಜನ್‌ಗಳಿಗೂ ನಕಲಾಯಿತು, ನಲ್ ಪಾಯಿಂಟರ್‌ನಿಂದ (ಇಲ್ಲದ ಡೇಟಾ ಓದಲು ಹೋಗಿ) ಎಲ್ಲೆಡೆ ಕ್ರ್ಯಾಷ್ ಆಯಿತು. ಕೋಡ್ ಫ್ಲ್ಯಾಗ್ ಹಿಂದೆ ಇರಲಿಲ್ಲ ಎಂದು ಅವರೇ ಹೇಳಿದ್ದಾರೆ. ಹೊಸ ಕೋಡಿನ ದಾರಿಯಲ್ಲಿ ನಿಜವಾದ ರಿಕ್ವೆಸ್ಟ್ ಒಂದೂ ಹೋಗದಿದ್ದರೆ ಕ್ಯಾನರಿ (ಮೊದಲು ಕೆಲವೇ ಸರ್ವರ್‌ಗಳಲ್ಲಿ ಓಡಿಸಿ ನೋಡುವ ಪರೀಕ್ಷೆ) ಪಾಸಾಗಿದೆ ಎನ್ನುವುದಕ್ಕೆ ಅರ್ಥವಿಲ್ಲ. ಆ ದಾರಿಗೆ ಒಂದು ಕೌಂಟರ್ ಹಾಕಿ. ಅದು ಸೊನ್ನೆಯಲ್ಲೇ ಇದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

ಕ್ಯಾನರಿ ಎಷ್ಟು ಹೊತ್ತು, ಯಾವಾಗ

ಸೆಕೆಂಡಿಗೆ 2000 ರಿಕ್ವೆಸ್ಟ್ ಬರುವ ಸೇವೆ ಎಂದುಕೊಳ್ಳಿ. ಕ್ಯಾನರಿಗೆ ಶೇ 1 ಎಂದರೆ ಸೆಕೆಂಡಿಗೆ 20, ಹತ್ತು ನಿಮಿಷಕ್ಕೆ 12,000. ಎಂದಿನ ಎರರ್ ಪ್ರಮಾಣ ಶೇ 0.1 ಆಗಿದ್ದರೆ 12 ಎರರ್ ನಿರೀಕ್ಷಿಸಬಹುದು. ಆಕಸ್ಮಿಕವಾಗಿ ಅದು ಆರೇಳು ಹೆಚ್ಚುಕಮ್ಮಿ ಆಗುವುದು ಸಹಜ. ಎರರ್ ದುಪ್ಪಟ್ಟಾದರೆ 24, ಅದು ಎದ್ದು ಕಾಣುತ್ತದೆ. ಶೇ 30 ಹೆಚ್ಚಾದರೆ ಹದಿನೈದು ಹದಿನಾರು, ಅದು ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಇನ್ನು ಸೆಕೆಂಡಿಗೆ 50 ರಿಕ್ವೆಸ್ಟ್ ಇರುವ ಚಿಕ್ಕ ಸೇವೆಯಲ್ಲಿ ಶೇ 1ರ ಕ್ಯಾನರಿಗೆ ಹತ್ತು ನಿಮಿಷದಲ್ಲಿ ಸಿಗುವುದು 300. ಅದರಲ್ಲಿ ಒಂದೂ ಎರರ್ ಬರಲಿಲ್ಲ ಎಂದು ಸಂತೋಷಪಡುವಂತಿಲ್ಲ, ಬರಬೇಕಾದ್ದೇ 0.3. ಅಂಥಲ್ಲಿ ಶೇ 10 ಕೊಟ್ಟು 40 ನಿಮಿಷ ಕಾಯಿರಿ, ಆಗ ಅದೇ 12,000 ಸಿಗುತ್ತದೆ.

ಹೋಲಿಕೆ ಮಾಡಬೇಕಾದ್ದು ಕ್ಯಾನರಿಯನ್ನು ಉಳಿದೆಲ್ಲ ಸರ್ವರ್‌ಗಳ ಜತೆ ಅಲ್ಲ. ಹಳೆಯ ಕೋಡನ್ನೇ ಅಷ್ಟೇ ಸಂಖ್ಯೆಯ ಸರ್ವರ್‌ಗಳಲ್ಲಿ ಅದೇ ಹೊತ್ತಿಗೆ ರೀಸ್ಟಾರ್ಟ್ ಮಾಡಿ, ಅದರ ಜತೆ. ಈಗಷ್ಟೇ ಎದ್ದ ಪ್ರೊಸೆಸ್‌ನ ಕ್ಯಾಷ್ (ಬೇಗ ಸಿಗಲೆಂದು ಹತ್ತಿರ ಇಟ್ಟುಕೊಳ್ಳುವ ಡೇಟಾ) ಖಾಲಿ ಇರುತ್ತದೆ. ಜಾವಾ ಆದರೆ ಮೊದಲ ಕೆಲವು ನಿಮಿಷ ನಿಧಾನ. ಮೂರು ವಾರದಿಂದ ಓಡುತ್ತಿರುವ ಸರ್ವರ್ ಪಕ್ಕ ಇಟ್ಟರೆ ಹೊಸ ಕೋಡ್ ಸುಮ್ಮನೆ ಕೆಟ್ಟ ಹೆಸರು ತಗೊಳ್ಳುತ್ತದೆ. ಎರರ್, ಪಿ99 ಲೇಟೆನ್ಸಿ (ನೂರರಲ್ಲಿ 99 ರಿಕ್ವೆಸ್ಟಿಗೆ ಉತ್ತರ ಸಿಗಲು ಸಾಕಾಗುವ ಸಮಯ), ಸಿಪಿಯು, ಮೆಮೊರಿ ಇವನ್ನು ಎಲ್ಲರೂ ನೋಡುತ್ತಾರೆ. ಎಲ್ಲಕ್ಕೂ 200 ಓಕೆ (ಎಲ್ಲ ಸರಿ ಎಂಬ ವೆಬ್ ಸಂಕೇತ) ಎಂದು ಉತ್ತರಿಸುತ್ತ ಖಾಲಿ ಪಟ್ಟಿ ಕಳಿಸುವ ಬಗ್ ಇವುಗಳಲ್ಲಿ ಯಾವುದರಲ್ಲೂ ಕಾಣುವುದಿಲ್ಲ. ಸಿಪಿಯು ಇಳಿದಿರುತ್ತದೆ, ಲೇಟೆನ್ಸಿ ಸುಧಾರಿಸಿರುತ್ತದೆ, ಗ್ರಾಫ್ ನೋಡಿದವರು ಖುಷಿಪಡುತ್ತಾರೆ. ಆರ್ಡರ್ ಸಂಖ್ಯೆ, ಉತ್ತರದ ಸರಾಸರಿ ಗಾತ್ರ ಇಂಥದ್ದೊಂದನ್ನು ಜತೆಗಿಟ್ಟುಕೊಳ್ಳಿ.

ಹೊತ್ತಿನ ವಿಷಯ ನಮ್ಮ ಕಡೆಯವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಬಳಕೆದಾರರು ಹೆಚ್ಚಾಗಿ ಅಮೆರಿಕದಲ್ಲಿದ್ದರೆ, ಬೆಂಗಳೂರಿನಲ್ಲಿ ಬೆಳಗ್ಗೆ 11ಕ್ಕೆ ಶುರು ಮಾಡಿದ ರೋಲ್‌ಔಟ್ ನೋಡುವುದು ಅವರ ಮಧ್ಯರಾತ್ರಿಯ ತೆಳು ಟ್ರಾಫಿಕ್ ಮಾತ್ರ. ಮಧ್ಯಾಹ್ನ ಮೂರಕ್ಕೆ ಶೇ 100 ಆಗಿ, ಆರಕ್ಕೆ ನೀವು ಔಟರ್ ರಿಂಗ್ ರೋಡಿನಲ್ಲಿ ಸಿಕ್ಕಿಕೊಂಡಿರುತ್ತೀರಿ. ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ 9 ಆಗುವುದು ನಮ್ಮ ಸಂಜೆ 6.30ಕ್ಕೆ, ಚಳಿಗಾಲದಲ್ಲಿ 7.30ಕ್ಕೆ. ನಿಜವಾದ ಪರೀಕ್ಷೆ ಶುರುವಾಗುವುದೇ ಆಗ. ಆದ್ದರಿಂದ ಶೇ 25ರಲ್ಲಿ ನಿಲ್ಲಿಸಿ ಒಂದು ರಾತ್ರಿ ಬಿಡಿ. ಅವರ ಪೂರ್ತಿ ಒಂದು ದಿನ ಕಂಡ ಮೇಲೆ ಮುಂದಕ್ಕೆ. ಮೆಮೊರಿ ಲೀಕ್ (ಬಳಸಿದ ಮೆಮೊರಿ ಬಿಡದೆ ತುಂಬುತ್ತ ಹೋಗುವುದು) ಇದ್ದರೆ ಅದೂ ಅಷ್ಟರೊಳಗೆ ಗೊತ್ತಾಗುತ್ತದೆ. ಬಳಕೆದಾರರು ಭಾರತದವರೇ ಆಗಿದ್ದರೆ ಚಿಂತೆ ಬೇರೆ: ದಸರಾ-ದೀಪಾವಳಿ ಮಾರಾಟ, ಕ್ರಿಕೆಟ್ ಫೈನಲ್. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ದಿನ ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 5.9 ಕೋಟಿ ವೀಕ್ಷಕರಿದ್ದರು. ಅಂಥ ವಾರದಲ್ಲಿ ಕೋಡ್ ಫ್ರೀಝ್ (ಹೊಸ ಕೋಡ್ ಕಳಿಸದಂತೆ ತಡೆ) ಇದ್ದರೆ ಗೊಣಗಬೇಡಿ. ಫ್ರೀಝ್ ಮುಗಿದ ಮರುದಿನಕ್ಕೆ ಮಾತ್ರ ಹುಷಾರಾಗಿರಿ, ಎರಡು ವಾರ ಕಟ್ಟಿಟ್ಟ ಬದಲಾವಣೆಗಳೆಲ್ಲ ಆ ದಿನವೇ ನುಗ್ಗುತ್ತವೆ, ಕೆಟ್ಟದ್ದು ಯಾವುದರಿಂದ ಎಂದು ಹುಡುಕುವುದು ಕಷ್ಟ.

ಡೇಟಾಬೇಸ್

ಕೋಡ್ ವಾಪಸ್ ತೆಗೆಯಬಹುದು, ಡೇಟಾ ಹಾಗಲ್ಲ. ಒಂದು ಕಾಲಮ್‌ನ ಹೆಸರು ಬದಲಿಸುವ ಕೆಲಸವನ್ನೇ ತೆಗೆದುಕೊಳ್ಳಿ. ಒಂದೇ ಆಜ್ಞೆಯಲ್ಲಿ ಬದಲಿಸಿದರೆ ಆ ಕ್ಷಣಕ್ಕೆ ಓಡುತ್ತಿರುವ ಹಳೆಯ ಬೈನರಿಗಳೆಲ್ಲ ಎರರ್ ಕೊಡುತ್ತವೆ. ಹೊಸ ಬೈನರಿ ಮೊದಲು ಹೋದರೆ ಅದು ಎರರ್ ಕೊಡುತ್ತದೆ. ಮೊದಲು ಹೊಸ ಕಾಲಮ್ ಅನ್ನು ನಲ್ (ಖಾಲಿ ಮೌಲ್ಯ) ಒಪ್ಪುವಂತೆ ಸೇರಿಸಬೇಕು. ಆಮೇಲೆ ಕೋಡ್ ಎರಡಕ್ಕೂ ಬರೆಯಬೇಕು, ಓದುವುದು ಇನ್ನೂ ಹಳೆಯದರಿಂದಲೇ. ಅದು ಎಲ್ಲ ಸರ್ವರ್‌ಗಳಲ್ಲೂ ಇದೆ ಎಂದು ಖಚಿತವಾದ ಮೇಲೆ ಹಳೆಯ ಸಾಲುಗಳ ಬ್ಯಾಕ್‌ಫಿಲ್, ಅಂದರೆ ಅವುಗಳ ಹೊಸ ಕಾಲಮ್ ತುಂಬುವುದು. ಬಳಿಕ ಎರಡನ್ನೂ ಓದಿ ಹೋಲಿಸಿ, ವ್ಯತ್ಯಾಸ ಬಂದರೆ ಲಾಗ್ ಮಾಡಿ, ಉತ್ತರ ಹಳೆಯದರಿಂದಲೇ ಕೊಡಬೇಕು. ವ್ಯತ್ಯಾಸ ಸೊನ್ನೆಯಾದ ಮೇಲೆ ಓದುವುದು ಹೊಸದರಿಂದ, ಬರೆಯುವುದು ಎರಡಕ್ಕೂ. ಇದು ಕೆಲವು ದಿನ ಹಾಗೇ ಇರಲಿ, ಯಾಕೆಂದರೆ ಇಲ್ಲಿಯವರೆಗೆ ಯಾವ ಹಂತದಿಂದಲಾದರೂ ಹಿಂದಕ್ಕೆ ಬರಬಹುದು. ಹಳೆಯದಕ್ಕೆ ಬರೆಯುವುದನ್ನು ನಿಲ್ಲಿಸಿದ ಕ್ಷಣ ಆ ದಾರಿ ಮುಚ್ಚುತ್ತದೆ. ಕಾಲಮ್ ಡ್ರಾಪ್ ಮಾಡುವುದು ತೀರಾ ಕೊನೆಗೆ, ಕನಿಷ್ಠ ಒಂದು ರಿಲೀಸ್ ಕಳೆದ ಮೇಲೆ. ಹೆಸರು ಬದಲಿಸಲು ಒಂದು ತಿಂಗಳೇ ಎಂದು ಮ್ಯಾನೇಜರ್ ಕೇಳುತ್ತಾರೆ. ಹೌದು, ಒಂದು ತಿಂಗಳು. ಅಷ್ಟು ಬೆಲೆ ಆ ಹೆಸರಿಗೆ ಇಲ್ಲ ಅನ್ನಿಸಿದರೆ ಹೆಸರು ಹಾಗೇ ಇರಲಿ.

ಬ್ಯಾಕ್‌ಫಿಲ್ ಅನ್ನು ಒಂದೇ ಅಪ್‌ಡೇಟ್‌ನಲ್ಲಿ ಮಾಡಲು ಹೋದರೆ ಲಾಕ್‌ಗಳು (ಬೇರೆಯವರು ಆ ಸಾಲು ಮುಟ್ಟದಂತೆ ಹಾಕುವ ತಡೆ) ಹೆಚ್ಚಿ ರೆಪ್ಲಿಕಾಗಳು (ಡೇಟಾಬೇಸ್‌ನ ನಕಲುಗಳು) ಹಿಂದೆ ಬೀಳುತ್ತವೆ. 5 ಕೋಟಿ ಸಾಲುಗಳಿಗೆ 2000ದ ತುಂಡುಗಳೆಂದರೆ 25,000 ಬ್ಯಾಚ್. ಪ್ರತಿಯೊಂದಕ್ಕೂ 100 ಮಿಲಿಸೆಕೆಂಡ್ ಕೆಲಸ, 200 ಮಿಲಿಸೆಕೆಂಡ್ ವಿರಾಮ ಎಂದಿಟ್ಟರೆ ಒಟ್ಟು 7500 ಸೆಕೆಂಡ್, ಎರಡು ಗಂಟೆ ಚಿಲ್ಲರೆ. ರೆಪ್ಲಿಕಾ ಕೆಲವು ಸೆಕೆಂಡಿಗಿಂತ ಹಿಂದೆ ಬಿದ್ದರೆ ತಾನೇ ನಿಲ್ಲುವಂತೆ ಸ್ಕ್ರಿಪ್ಟ್ ಬರೆಯಿರಿ. ಎಲ್ಲಿಯವರೆಗೆ ಬಂದೆ ಎಂಬುದನ್ನು ಅದು ಎಲ್ಲಾದರೂ ಬರೆದಿಡಬೇಕು, ಇಲ್ಲದಿದ್ದರೆ ನಡುವೆ ಸತ್ತಾಗ ಮತ್ತೆ ಮೊದಲಿಂದ.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಆಲ್ಟರ್ ಟೇಬಲ್ (ಟೇಬಲ್ ರಚನೆ ಬದಲಿಸುವ ಆಜ್ಞೆ) ತಾನಾಗಿ ಮಿಲಿಸೆಕೆಂಡಿನ ಕೆಲಸ ಇರಬಹುದು. ಆದರೆ ಅದೇ ಟೇಬಲ್ ಮೇಲೆ ಯಾರದೋ ಅರ್ಧ ಗಂಟೆಯ ರಿಪೋರ್ಟ್ ಕ್ವೆರಿ ಓಡುತ್ತಿದ್ದರೆ ಆಲ್ಟರ್ ಅದರ ಹಿಂದೆ ಕಾಯುತ್ತದೆ, ಆಮೇಲೆ ಬಂದ ಚಿಲ್ಲರೆ ಕ್ವೆರಿಗಳೆಲ್ಲ ಆಲ್ಟರ್ ಹಿಂದೆ ಕ್ಯೂ ನಿಲ್ಲುತ್ತವೆ. ಹೊರಗಿನಿಂದ ನೋಡಿದರೆ ಡೇಟಾಬೇಸ್ ಸತ್ತಂತೆ. ಲಾಕ್ ಟೈಮ್‌ಔಟ್ 2 ಸೆಕೆಂಡ್ ಇಟ್ಟು, ಸಿಗದಿದ್ದರೆ ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಪ್ರಯತ್ನಿಸಿ. ಇಂಡೆಕ್ಸ್ ಕಟ್ಟುವಾಗ, ಬರೆಯುವುದನ್ನು ತಡೆಯದ ಕನ್‌ಕರೆಂಟ್ ಆಯ್ಕೆ ಮರೆಯಬೇಡಿ. ಡಿಫಾಲ್ಟ್ ಮೌಲ್ಯದೊಂದಿಗೆ ಕಾಲಮ್ ಸೇರಿಸಿದರೆ 2018ರಲ್ಲಿ ಬಂದ 11ನೇ ಆವೃತ್ತಿಗೆ ಮುಂಚೆ ಪೂರ್ತಿ ಟೇಬಲ್ ಮತ್ತೆ ಬರೆಯಲ್ಪಡುತ್ತಿತ್ತು. ಈಗ ಸ್ಥಿರ ಮೌಲ್ಯವಾದರೆ ಆ ಕಾಟ ಇಲ್ಲ. ಪ್ರೋಟೊಬಫ್ (ಫೀಲ್ಡ್‌ಗಳನ್ನು ಸಂಖ್ಯೆಯಿಂದ ಗುರುತಿಸುವ ಡೇಟಾ ರೂಪ) ಬಳಸುವವರು ತೆಗೆದ ಫೀಲ್ಡ್‌ನ ಸಂಖ್ಯೆಯನ್ನು ರಿಸರ್ವ್ ಮಾಡಿ. ಅದೇ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಟ್ಟರೆ ಹಳೆಯ ಡೇಟಾ ಹೊಸ ಅರ್ಥ ಪಡೆದು ಓದಿಸಿಕೊಳ್ಳುತ್ತದೆ, ಎರರ್ ಕೂಡ ಬರುವುದಿಲ್ಲ.

ವಾಪಸ್ ಬರಲು ಆಗದೇ ಇರುವಂಥವು ಇನ್ನೂ ಇವೆ. ಫೋನಿಗೆ ಇಳಿದ ಆ್ಯಪ್ ಅವುಗಳಲ್ಲಿ ಒಂದು. ಆ್ಯಪಲ್‌ನ ಆ್ಯಪ್ ಸ್ಟೋರ್‌ನಲ್ಲಿ ಹಂತಹಂತದ ಬಿಡುಗಡೆ ಏಳು ದಿನಗಳಲ್ಲಿ ಶೇ 1, 2, 5, 10, 20, 50, 100 ಎಂದು ಏರುತ್ತದೆ. ನಡುವೆ ನಿಲ್ಲಿಸಬಹುದು, ಆದರೆ ಆಗಲೇ ಪಡೆದವರ ಫೋನಿನಿಂದ ಕಿತ್ತುಕೊಳ್ಳಲಾಗದು. ಹಾಗಾಗಿ ಆ್ಯಪ್‌ನಲ್ಲಿ ಹೊಸದೆಲ್ಲ ಸರ್ವರ್‌ನಿಂದ ನಿಯಂತ್ರಿಸುವ ಫ್ಲ್ಯಾಗ್ ಹಿಂದೆ ಇರಲೇಬೇಕು. ಬ್ರೌಸರ್‌ಗೆ ಕಳಿಸಿದ 301 ರೀಡೈರೆಕ್ಟ್ (ವಿಳಾಸ ಶಾಶ್ವತವಾಗಿ ಬದಲಾಗಿದೆ ಎಂಬ ಉತ್ತರ), ಒಂದು ವರ್ಷದ ಕ್ಯಾಷ್ ಹೆಡರ್, ಕಳಿಸಿಬಿಟ್ಟ ಎಸ್‌ಎಂಎಸ್ ಇವೂ ಹಾಗೆಯೇ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿ 2024ರ ಜುಲೈ 19ರಂದು, ಭಾರತದಲ್ಲಿ ಶುಕ್ರವಾರ ಬೆಳಗ್ಗೆ 9.39ಕ್ಕೆ ಕಳಿಸಿದ ಕೆಟ್ಟ ಫೈಲನ್ನು 78 ನಿಮಿಷಗಳಲ್ಲಿ ವಾಪಸ್ ತೆಗೆದಿತ್ತು. ವೇಗದ ದೃಷ್ಟಿಯಿಂದ ಅದೇನೂ ಕಳಪೆ ಅಲ್ಲ. ಆದರೆ ಮೈಕ್ರೋಸಾಫ್ಟ್ ಅಂದಾಜಿನಂತೆ ಅಷ್ಟರಲ್ಲಿ 85 ಲಕ್ಷ ವಿಂಡೋಸ್ ಯಂತ್ರಗಳು ಪೆಟ್ಟು ತಿಂದಿದ್ದವು. ಬೂಟ್ ಆಗದ ಯಂತ್ರಕ್ಕೆ ಸರಿಪಡಿಸಿದ ಫೈಲ್ ತಲುಪುವುದಾದರೂ ಹೇಗೆ? ಬಹಳಷ್ಟು ಕಡೆ ಜನ ಒಂದೊಂದೇ ಯಂತ್ರದ ಮುಂದೆ ಕೂತು ಸೇಫ್ ಮೋಡ್‌ನಲ್ಲಿ ಫೈಲ್ ಅಳಿಸಬೇಕಾಯಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು.

ಪೇಜ್ ಬಂದಾಗ

ಆನ್‌ಕಾಲ್ ವಾರ (ಪೇಜ್‌ಗಳಿಗೆ ಓಗೊಡುವ ನಿಮ್ಮ ಸರದಿ) ಶುರುವಾಗುವ ಮುಂಚೆ ನೋಡಬೇಕಾದ್ದು ತೀರಾ ಸಾಮಾನ್ಯ ಸಂಗತಿಗಳು. ಪೇಜರ್ ಆ್ಯಪ್‌ಗೆ ಸೈಲೆಂಟ್ ಮೋಡ್‌ನಿಂದ ವಿನಾಯಿತಿ, ಇನ್ನೊಂದು ಕಂಪನಿಯ ಸಿಮ್‌ನಲ್ಲಿ ಹಾಟ್‌ಸ್ಪಾಟ್, ರೂಟರ್‌ಗೆ ಪುಟ್ಟ ಯುಪಿಎಸ್ (ಮಳೆ ಬಂದರೆ ಬೆಸ್ಕಾಂ ಏನು ಮಾಡುತ್ತದೆ ಎಂದು ಹೇಳಬೇಕಿಲ್ಲ), ಸೆಕ್ಯುರಿಟಿ ಕೀ ಆಫೀಸಿನ ಡ್ರಾಯರ್‌ನಲ್ಲಿ ಉಳಿಯದಿರುವುದು.

ಪೇಜ್ ಬಂದ ಮೇಲೆ ಅಕ್‌ನಾಲೆಜ್ ಮಾಡಿ, ಮೊದಲ ಪ್ರಶ್ನೆ ಕೇಳಿ: ಕಳೆದ ಎರಡು ಗಂಟೆಯಲ್ಲಿ ಏನು ಬದಲಾಯಿತು? ನಿಮ್ಮ ಸೇವೆಯಲ್ಲಿ, ಕಾನ್ಫಿಗ್‌ನಲ್ಲಿ, ನೀವು ನೆಚ್ಚಿರುವ ಸೇವೆಗಳಲ್ಲಿ. ಹೊತ್ತು ಹೊಂದಿಕೆಯಾಗುವ ಬದಲಾವಣೆ ಸಿಕ್ಕರೆ ಕಾರಣ ಅರ್ಥವಾಗದಿದ್ದರೂ ವಾಪಸ್ ತೆಗೆಯಿರಿ. ಬಗ್ ಎಲ್ಲಿದೆ ಎಂದು ಓದುತ್ತ ಕೂರುವುದು ಎಂಜಿನಿಯರ್‌ಗಳ ಹುಟ್ಟುಗುಣ. "ಒಂದೇ ಸಾಲು, ಈಗಲೇ ಸರಿ ಮಾಡಿ ಮುಂದಕ್ಕೆ ಕಳಿಸುತ್ತೇನೆ" ಎನ್ನುವುದು ಅದಕ್ಕಿಂತ ದೊಡ್ಡ ಆಸೆ. ಆ ಒಂದು ಸಾಲಿಗೆ ರಿವ್ಯೂ ಇಲ್ಲ, ಕ್ಯಾನರಿ ಇಲ್ಲ, ಬರೆಯುತ್ತಿರುವವರಿಗೆ ನಿದ್ದೆ ಇಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ.

ಓಡಿಸುವ ಪ್ರತಿ ಆಜ್ಞೆಯನ್ನೂ ಚಾಟ್‌ನಲ್ಲಿ ಮೊದಲು ಹಾಕಿ, ಇನ್ನೊಬ್ಬರು ನೋಡಿದ ಮೇಲೆ ಎಂಟರ್ ಒತ್ತಿ. ಸಮಯವನ್ನು ಯುಟಿಸಿಯಲ್ಲೇ ಬರೆಯಿರಿ. 2017ರ ಫೆಬ್ರುವರಿ 28ರಂದು ಅಮೆಜಾನ್‌ನ ಎಸ್3 ಎಂಬ ಡೇಟಾ ಸಂಗ್ರಹ ಸೇವೆ ಬಿದ್ದದ್ದು ಆಜ್ಞೆಯೊಂದರಲ್ಲಿ ಕೊಟ್ಟ ತಪ್ಪು ವಿವರದಿಂದ, ತೆಗೆಯಬೇಕಾದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಹೋದವು. ಅವರ ಸ್ಟೇಟಸ್ ಪುಟವನ್ನು ಬದಲಿಸುವ ಸಾಧನವೂ ಅದೇ ಎಸ್3 ಮೇಲೆ ನಿಂತಿದ್ದರಿಂದ ಕೆಟ್ಟಿದೆ ಎಂದು ಹೇಳಲೂ ತಡವಾಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಕಣ್ಮರೆಯಾದಾಗ ದುರಸ್ತಿಗೆ ಬೇಕಾದ ಒಳಗಿನ ಸಾಧನಗಳೇ ಅದೇ ನೆಟ್‌ವರ್ಕ್ ಜತೆ ಬಿದ್ದಿದ್ದವು. ನಿಮ್ಮ ರೋಲ್‌ಬ್ಯಾಕ್ ಬಟನ್ ಯಾವುದರ ಮೇಲೆ ನಿಂತಿದೆ ಎಂದು ಒಮ್ಮೆ ನೋಡಿಕೊಳ್ಳಿ.

ವಾಪಸ್ ತೆಗೆದ ಮೇಲೂ ಗ್ರಾಫ್ ಇಳಿಯದಿದ್ದರೆ ರೀಟ್ರೈ ಬಿರುಗಾಳಿಯನ್ನು ಅನುಮಾನಿಸಿ. ಮೂರು ಪದರಗಳ ಸೇವೆಯಲ್ಲಿ ಪ್ರತಿ ಪದರವೂ ಒಟ್ಟು ನಾಲ್ಕು ಸಲ ಪ್ರಯತ್ನಿಸಿದರೆ ಕೆಳಗಿನ ಡೇಟಾಬೇಸ್‌ಗೆ ಒಂದು ಕ್ಲಿಕ್ಕಿಗೆ 64 ಏಟು. ಅದು ಏಳುತ್ತಿದ್ದಂತೆಯೇ ಮತ್ತೆ ಬೀಳುತ್ತದೆ. ಮೇಲಿನಿಂದ ಟ್ರಾಫಿಕ್ ಅನ್ನು ಶೇ 10ಕ್ಕೆ ಇಳಿಸಿ, ನಿಧಾನಕ್ಕೆ ಏರಿಸುವುದೇ ಪರಿಹಾರ. ಮೇಲೆ ಹೇಳಿದ 2025ರ ಗೂಗಲ್ ಪ್ರಸಂಗದಲ್ಲೂ ಹೆಚ್ಚಿನ ರೀಜನ್‌ಗಳು ಬೇಗ ಎದ್ದರೂ ಅಯೋವಾದ ದೊಡ್ಡ ರೀಜನ್ ಎರಡು ಗಂಟೆ 40 ನಿಮಿಷದವರೆಗೆ ತಗೊಂಡಿತು. ಎಲ್ಲ ಸರ್ವರ್‌ಗಳೂ ಒಟ್ಟಿಗೆ ಎದ್ದು ಒಂದೇ ಡೇಟಾಬೇಸ್ ಮೇಲೆ ಮುಗಿಬಿದ್ದಿದ್ದವು. ಮರುಪ್ರಯತ್ನಕ್ಕೆ ಮುಂಚೆ ಬ್ಯಾಕ್‌ಆಫ್‌ನಲ್ಲಿ ಕಾಯುವ ಸಮಯಕ್ಕೆ ಸ್ವಲ್ಪ ರ‍್ಯಾಂಡಮ್ ಸೇರಿಸುವುದು ಇದಕ್ಕಾಗಿ.

ಎಲ್ಲ ಮುಗಿದ ಮೇಲೆ ಬರೆಯುವ ಪೋಸ್ಟ್‌ಮಾರ್ಟಮ್‌ನಲ್ಲಿ "ಇನ್ನು ಮುಂದೆ ಎಚ್ಚರ ವಹಿಸುತ್ತೇವೆ" ಎಂಬುದು ಕ್ರಮ ಅಲ್ಲ. "ಒಂದೇ ಸಲಕ್ಕೆ ಶೇ 5ಕ್ಕಿಂತ ಹೆಚ್ಚು ಸರ್ವರ್ ತೆಗೆಯುವ ಆಜ್ಞೆಯನ್ನು ಟೂಲ್ ನಿರಾಕರಿಸಬೇಕು, ಹೊಣೆ ಇವರದು, ತಾರೀಕು ಇದು" ಎಂಬುದು ಕ್ರಮ.

ಎಷ್ಟೇ ಬರೆದಿಟ್ಟರೂ ರೋಲ್‌ಬ್ಯಾಕ್ ಕೆಲಸ ಮಾಡುತ್ತದೆಯೇ ಎಂದು ಗೊತ್ತಾಗುವುದು ಮಾಡಿ ನೋಡಿದಾಗಲೇ. ಮೂರು ತಿಂಗಳಿಗೊಮ್ಮೆ, ಮಂಗಳವಾರ ಬೆಳಗ್ಗೆ ಎಲ್ಲರೂ ಇರುವಾಗ, ಚೆನ್ನಾಗಿಯೇ ಓಡುತ್ತಿರುವ ರಿಲೀಸನ್ನು ಬೇಕೆಂದೇ ಹಿಂದಿನದಕ್ಕೆ ತಿರುಗಿಸಿ, ಗಡಿಯಾರ ಹಿಡಿದು ಅಳೆಯಿರಿ. ರನ್‌ಬುಕ್‌ನಲ್ಲಿ (ತುರ್ತಿನಲ್ಲಿ ಮಾಡಬೇಕಾದ ಹೆಜ್ಜೆಗಳ ಟಿಪ್ಪಣಿಯಲ್ಲಿ) ಐದು ನಿಮಿಷ ಎಂದಿದ್ದದ್ದು ನಲವತ್ತು ಆಗುವುದು ಅಪರೂಪವಲ್ಲ. ಹಿಂದಿನ ಬೈನರಿಯನ್ನು 14 ದಿನದ ನಿಯಮದಂತೆ ಯಾವುದೋ ಕ್ಲೀನಪ್ ಜಾಬ್ ಅಳಿಸಿರುತ್ತದೆ. ಆನ್‌ಕಾಲ್‌ನವರ ಪರ್ಮಿಷನ್ ಹೋದ ತಿಂಗಳು ಮುಗಿದಿರುತ್ತದೆ. ರನ್‌ಬುಕ್‌ನ ಲಿಂಕ್ ತೆರೆಯುವುದಿಲ್ಲ. ಒಪ್ಪಿಗೆ ಕೊಡಬೇಕಾದವರು ಸಿಯಾಟಲ್‌ನಲ್ಲಿ ಮಲಗಿರುತ್ತಾರೆ. ಕೊನೆಯದಕ್ಕೆ ಪ್ರತಿ ಟೈಮ್‌ಝೋನ್‌ನ ಆನ್‌ಕಾಲ್‌ಗೂ ತುರ್ತು ಅನುಮತಿ ಕೊಡಿಸಿ: ಬಳಸಿದ ಕೂಡಲೇ ತಂಡಕ್ಕೆಲ್ಲ ಮೇಲ್ ಹೋಗಬೇಕು, ಮರುದಿನ ಯಾಕೆ ಬಳಸಿದಿರಿ ಎಂದು ಎರಡು ಸಾಲು ಬರೆಯಬೇಕು, ಆದರೆ ಆ ಹೊತ್ತಿನಲ್ಲಿ ಯಾರನ್ನೂ ಕಾಯುವಂತಿರಬಾರದು.